ಕಂಬಳಿ ಹೊದ್ದ ಗಂಡು ಮೊಲ

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಾದೆ ಎಲ್ಲರ ಮನೆಯಲ್ಲೂ ಇರುತ್ತದೆ. ನನ್ನ ಗಂಡನ ಮನೆಯಲ್ಲಿ ಗಾದೆಯ ಜೊತೆಗೆ ಮೊಲಗಳೂ ಇದ್ದವು. ಎಪ್ಪತ್ತರ ದಶಕದ ನಡುಭಾಗದ ಮಾತು. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಿಂದ ಸ್ವಲ್ಪ ದೂರದಲ್ಲಿ, ಹೊಲದ ನಡುವೆ ಒಂದು ಮನೆ, ಒಂದು ಸೇದುವ ಬಾವಿ, ಅಂಗಳದಲ್ಲಿ ಬೇವಿನ ಮರ, ಹಿತ್ತಲಲ್ಲಿ ಕುರಿ ಕೂಡುವ ರೊಪ್ಪ, ಅದೂ ಖಾಲಿ. ಇಷ್ಟಕ್ಕೆ ಅವರು ‘ತೋಟದ ಮನೆ’ ಎಂದು ಹೆಸರಿಟ್ಟಿದ್ದರು. ತೋಟವೆಂದರೆ ಬಾವಿಯ ಪಕ್ಕದ ನಾಲ್ಕು ಬಾಳೆಗಿಡ. ಹೊಸದುರ್ಗದ ತೆಂಗಿನ ತೋಟದಿಂದ ಬಂದ ನನಗೆ ಮೊದಲ ದಿನವೇ ನಗು ಬಂದಿತ್ತು. ಹೊಸ ಸೊಸೆ ನಗಬಾರದು ಎಂದು ತಡೆದುಕೊಂಡೆ. ಆ ಮನೆಯಲ್ಲಿ ತಡೆದುಕೊಂಡ ನಗುವನ್ನೆಲ್ಲ ಈಗ ಕುಳಿತು ನಗುತ್ತಿದ್ದೇನೆ.

ಅವರದು ತಲೆತಲಾಂತರದಿಂದ ಕುರಿ ಕಾಯ್ದ ಮನೆತನ. ನಾಲ್ಕು ಕಾಲಿನ ಯಾವ ಪ್ರಾಣಿಯ ವಿಷಯವನ್ನೂ ಅವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ, ಹೇಳಿದರೆ ಕೇಳುತ್ತಲೂ ಇರಲಿಲ್ಲ. ನಮ್ಮ ಮಾವ ಕತ್ತಲಲ್ಲಿ ಕೈಯಾಡಿಸಿಯೇ ಇದು ಯಾವ ಕುರಿಯ ಮರಿ ಎಂದು ಹೇಳುತ್ತಿದ್ದರಂತೆ. ಸುಳ್ಳಿರಲಾರದು, ಆ ಕೈ ನೋಡಿದರೆ ಹಾಗೆ ಅನ್ನಿಸುತ್ತಿತ್ತು. ಆದರೆ ಮಂಡಿನೋವು ಹಿಡಿದು ಅವರಿಗೆ ಹಿಂಡಿನ ಹಿಂದೆ ನಡೆಯಲು ಆಗದಾಯಿತು. ಇದ್ದೊಬ್ಬ ಮಗ, ಅಂದರೆ ನಮ್ಮನೆಯವರು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತವರು. ಪಾಸಾಗಿರಲಿಲ್ಲ, ಕುಳಿತಿದ್ದರು ಅಷ್ಟೆ. ಹಾಗೆ ಕುಳಿತವರು ಮತ್ತೆ ಎದ್ದು ಕುರಿಯ ಹಿಂದೆ ನಡೆಯುವುದು ಹೇಗೆ? ಹಿಂಡು ಮಾರಾಟವಾಯಿತು.

ನಮ್ಮನೆಯವರು ಕೆಟ್ಟವರಲ್ಲ. ಕೆಟ್ಟವರಾಗಲಿಕ್ಕೂ ಸ್ವಲ್ಪ ಮೈ ಬಗ್ಗಿಸಬೇಕಾಗುತ್ತದೆ. ಮಗ ಬಿಸಿಲಿಗೆ ಹೋಗಬಾರದು, ತಣ್ಣೀರಲ್ಲಿ ಮೀಯಬಾರದು, ತುಪ್ಪವಿಲ್ಲದ ಮುದ್ದೆ ನುಂಗಬಾರದು ಎಂದು ಅತ್ತೆ ಸಾಕಿದ್ದರು. ಊಟಕ್ಕೆ ಕುಳಿತರೆ ಅವರ ತಟ್ಟೆಯಲ್ಲಿ ಸಾರಿಗಿಂತ ತುಪ್ಪ ಜಾಸ್ತಿ ಇರುತ್ತಿತ್ತು. ಮದುವೆಯಾದ ಮೇಲೆ ಈ ಉಪಚಾರ ಇನ್ನೂ ಹೆಚ್ಚಾಯಿತು. ಯಾಕೆಂದರೆ ನನಗೆ ಮಕ್ಕಳಾಗಲಿಲ್ಲ, ಅದರ ದುಃಖ ಮಗನಿಗೆ ತಟ್ಟಬಾರದಲ್ಲ.

ಮೂರನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ನಾನು ಸುತ್ತದ ಗುಡಿ ಇರಲಿಲ್ಲ, ಕುಡಿಯದ ಬೇರು ಇರಲಿಲ್ಲ. ಒಬ್ಬ ಮುದುಕಿ ಮೂರು ಅಮಾವಾಸ್ಯೆ ಹಸಿ ಬೇವಿನ ರಸ ಕುಡಿಸಿದಳು. ಹೊರಕೆರೆದೇವಪುರದ ಗುಡಿಗೆ ಹೋಗಿ ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಹಾಕಿ ಬಂದೆ. ಕೊನೆಗೆ ನಮ್ಮಣ್ಣ ಹೊಸದುರ್ಗದಲ್ಲಿ ಒಬ್ಬ ಲೇಡಿ ಡಾಕ್ಟರ ಬಳಿ ಕರೆದುಕೊಂಡು ಹೋದ. ಆಕೆ ಪರೀಕ್ಷೆ ಮಾಡಿ, “ನಿನಗೇನೂ ತೊಂದರೆ ಇಲ್ಲಮ್ಮ. ಮುಂದಿನ ಸಲ ಯಜಮಾನರನ್ನೂ ಕರಕೊಂಡು ಬಾ, ಅವರನ್ನೂ ನೋಡಬೇಕು” ಎಂದರು. ಇದನ್ನು ಮನೆಯಲ್ಲಿ ಹೇಳಿದಾಗ ಅತ್ತೆ ತೊಗರಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

“ಆಕೀಗೆ ಮದ್ವೆ ಆಗೈತಾ?” ಎಂದು ಕೇಳಿದರು.

“ಇಲ್ಲ ಅನ್ಸುತ್ತೆ, ಅತ್ತೆ.”

“ಮತ್ತೆ ಆಕೀಗೇನ್ ಗೊತ್ತು?” ಎಂದು ಮತ್ತೆ ಮೊರ ಎತ್ತಿಕೊಂಡರು. ಅಲ್ಲಿಗೆ ವೈದ್ಯಶಾಸ್ತ್ರ ಮುಗಿಯಿತು. ಅತ್ತೆಯ ತಮ್ಮನಿಗೆ ಒಬ್ಬಳು ಮಗಳಿದ್ದಳು. ಹೊಳಲ್ಕೆರೆ ಕಡೆಯ ಹಟ್ಟಿಯ ಹುಡುಗಿ, ಗಟ್ಟಿಮುಟ್ಟಾದವಳು. ಅವಳನ್ನು ಮಗನಿಗೆ ತಂದುಕೊಂಡರೆ ಮನೆ ತುಂಬುತ್ತದೆ ಎಂದು ಅತ್ತೆ ಬಾವಿಯ ಹತ್ತಿರ, ಸಂತೆಯಲ್ಲಿ, ನೆಂಟರ ಮನೆಯಲ್ಲಿ ಹೇಳಿಕೊಂಡು ಬರುತ್ತಿದ್ದರು. ನನಗೆ ಮಾತ್ರ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಬಾವಿಗೆ ನಾನೂ ಹೋಗುತ್ತಿದ್ದೆ.

ಇಂಥ ಕಾಲದಲ್ಲಿ ಮೊಲ ಬಂದವು. ಶಿವರಾತ್ರಿಯ ಆಸುಪಾಸಿನಲ್ಲಿ ನಮ್ಮನೆಯವರು ಜಿಲ್ಲಾಕೇಂದ್ರವಾದ ದುರ್ಗಕ್ಕೆ ಹೋಗಿದ್ದರು. ಅಲ್ಲಿ ಕಾಲೇಜಿನ ಪ್ರಯೋಗಗಳಿಗೆಂದು ಬಿಳಿ ಮೊಲ ಸಾಕುವ ಒಬ್ಬರ ಮನೆ ನೋಡಿ ಬೆರಗಾದರು. ಮೊಲ ಸಾಕಲು ಕಾಡು ಮೇಡು ಅಲೆಯಬೇಕಿಲ್ಲ, ಬಿಸಿಲಲ್ಲಿ ನಿಲ್ಲಬೇಕಿಲ್ಲ, ಗೂಡಿನ ಮುಂದೆ ಒಂದು ಮಣೆ ಹಾಕಿಕೊಂಡು ಕುಳಿತರೆ ಸಾಕು. ಇಂಥ ಕಸುಬಿಗಾಗಿಯೇ ಅವರು ಕಾಯುತ್ತಿದ್ದರು. ಹಿರಿಯೂರಿನ ಒಂದು ಮಿಲ್ಟ್ರಿ ಹೋಟೆಲಿನವನು ಮರಿ ಬೆಳೆದಂತೆಲ್ಲ ಕೊಂಡುಕೊಳ್ಳುತ್ತೇನೆ ಎಂದು ಬೇರೆ ಹೇಳಿದ್ದನಂತೆ. ಸಂಜೆ ಬಸ್ಸಿಗೆ ಒಂದು ಬಿದಿರು ಬುಟ್ಟಿ ಹೊತ್ತು ತಂದರು. ಒಳಗೆ ಬೆಳ್ಳಗಿನ, ಕೆಂಪು ಕಣ್ಣಿನ ಒಂದು ಜೋಡಿ, ಗಂಡೊಂದು ಹೆಣ್ಣೊಂದು.

“ತಿಂಗಳಿಗೊಂದ್ಸಲ ಈಯ್ತಾವೆ ಕಣವ್ವ. ಒಂದೊಂದ್ಸಲಕ್ಕೆ ಏಳೆಂಟು ಮರಿ” ಎಂದು ಅವ್ವನಿಗೆ ಹೇಳಿದರು.

ಅತ್ತೆ ಮೊಲವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. “ಮೂಕ ಪ್ರಾಣಿ ನೋಡು, ಎಷ್ಟು ಬುದ್ಧಿ” ಎಂದರು.

ಮೊದಲ ತಪ್ಪು ನಡೆದದ್ದು ಮಾರನೆಯ ದಿನ ಬೆಳಿಗ್ಗೆ. ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹೊಸ ಹಿಂಡು ಕಟ್ಟುವಾಗ ಮೊದಲ ಟಗರನ್ನು ಮನೆದೇವರ ಹೆಸರಿಗೆ ಬಿಡುತ್ತಿದ್ದರು. ಅದರ ಹಣೆಗೆ ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚಿದ ಮೇಲೆ ಅದನ್ನು ಹೊಡೆಯುವಂತಿಲ್ಲ, ಮಾರುವಂತಿಲ್ಲ, ಬೀಜ ಒಡೆಯುವಂತಿಲ್ಲ, ಅದರ ಮೇಲೆ ತಪ್ಪು ಹೊರಿಸುವಂತಿಲ್ಲ. ಅದು ಇರುವವರೆಗೆ ಹಿಂಡಿಗೆ ಬೇರೆ ಗಂಡು ಬಿಡುವಂತೆಯೂ ಇಲ್ಲ. ರೊಪ್ಪ ಖಾಲಿಯಾಗಿ ಎಷ್ಟೋ ಕಾಲವಾಗಿತ್ತು. ಈಗ ಮತ್ತೆ ಗಂಡುಜೀವವೊಂದು ಮನೆಗೆ ಬಂದಿದೆ, ಪದ್ಧತಿ ಬಿಡಬಾರದು ಎಂದು ಅತ್ತೆ ಹಠ ಹಿಡಿದರು. ಮಾವ, “ಅದು ಟಗರಲ್ಲ ಕಣೆ, ಮೊಲ” ಎಂದು ಒಂದು ಸಲ ಹೇಳಿ ನೋಡಿದರು. ಒಂದು ಸಲಕ್ಕಿಂತ ಹೆಚ್ಚು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಗಂಡು ಮೊಲದ ಹಣೆಗೆ ಭಂಡಾರ ಬಿತ್ತು. ಅದು ಸೀನಿತು. ದೇವರು ಒಪ್ಪಿತು ಎಂದರು.

ದೇವರಾದ ಮೇಲೆ ದೇವರ ಹಾಗೆ ಇಡಬೇಕಲ್ಲ. ಹೆಣ್ಣು ಮೊಲಕ್ಕೆ ಹಿತ್ತಲ ರೊಪ್ಪದ ಮೂಲೆಯಲ್ಲಿ, ಬೇಲಿಯ ಹುಣಸೆ ಮರದ ಕೆಳಗೆ ಒಂದು ಗೂಡು. ಗಂಡಿಗೆ ಮನೆಯ ಪಡುವಣ ಗೋಡೆಗೆ ಒರಗಿಸಿ ಹೊಸದಾಗಿ ಒಂದು ತಗಡಿನ ಚಪ್ಪರ ಹಾಕಿಸಿದರು. ಗೋಡೆಯ ಆ ಕಡೆಗೇ ದೇವರ ಜಗುಲಿ. ಗೂಡಿನ ಒಳಗೆ ಕರಿ ಕಂಬಳಿ ಹಾಸಿದರು, ಮೇಲಕ್ಕೂ ಒಂದು ಕಂಬಳಿ ಹೊದಿಸಿದರು. ಕಂಬಳಿ ಇಲ್ಲದೆ ನಮ್ಮ ದೇವರು ಕೂರುವುದಿಲ್ಲ. ಮಧ್ಯಾಹ್ನ ಇಳಿದ ಮೇಲೆ ಹಿರಿಯೂರು ಸೀಮೆಯ ಬಿಸಿಲು ಪಡುವಣ ಗೋಡೆಯ ಮೇಲೆ ಹೇಗೆ ಬೀಳುತ್ತದೆ ಎಂದು ಅಲ್ಲಿ ಬೆರಣಿ ತಟ್ಟಿದವರನ್ನು ಕೇಳಬೇಕು. ತಟ್ಟುತ್ತಿದ್ದವಳು ನಾನೇ. ನನ್ನನ್ನು ಯಾರೂ ಕೇಳಲಿಲ್ಲ.

ಮೇವು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಹೆಣ್ಣಿಗೆ ಬದುವಿನ ಗರಿಕೆ, ಒಣಗಿದ ಕಡಲೆಕಾಯಿ ಬಳ್ಳಿ, ಹುರುಳಿ ಹೊಟ್ಟು, ನುಗ್ಗೆ ಸೊಪ್ಪು. ಇಷ್ಟು ತಿಂದು ಅದು ಚುರುಕಾಗಿ ಓಡಾಡಿಕೊಂಡಿತ್ತು. ಗಂಡಿನ ಮೇವನ್ನು ಅತ್ತೆಯೇ ನಿಗದಿ ಮಾಡಿದ್ದರು. ಬೆಳಿಗ್ಗೆ ನೆನೆಸಿದ ಹುರುಳಿ, ಮಧ್ಯಾಹ್ನ ಕಡಲೆಕಾಯಿ ಹಿಂಡಿ, ಸಂಜೆ ನಿಂಬೆಹಣ್ಣಿನ ಗಾತ್ರದ ರಾಗಿ ಮುದ್ದೆ, ಜೊತೆಗೆ ಬೆಲ್ಲ. ಹಬ್ಬದ ದಿನ ಮುದ್ದೆಗೆ ತುಪ್ಪ. ಸೊಪ್ಪು ಹಾಕಲು ಹೋದರೆ, “ಅದಕ್ಕೆ ಕಸ ಯಾಕೆ ಹಾಕ್ತೀಯ” ಎಂದು ಗದರುತ್ತಿದ್ದರು. ಬೇಸಿಗೆ ಏರುವಷ್ಟರಲ್ಲಿ ದೇವರಿಗೆ ಕತ್ತು ಕಾಣದಂತಾಯಿತು. ಕಾಲು ಚಾಚಿ, ಹೊಟ್ಟೆ ನೆಲಕ್ಕೆ ಹಾಕಿ, ಬಾಯಿ ತೆರೆದು ಏದುತ್ತ ಬಿದ್ದಿರುತ್ತಿತ್ತು. ಮೈ ಗಡಗಡ ನಡುಗುತ್ತಿತ್ತು.

“ಅತ್ತೆ, ಗಂಡು ಮೊಲಕ್ಕೆ ಬಿಸಿಲು ತಡೀತಿಲ್ಲ. ನೆರಳಿಗೆ ತರಾಣ” ಎಂದು ಒಂದು ದಿನ ಹೇಳಿದೆ.

ಅತ್ತೆ ಬಂದು ನೋಡಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೈ ಮುಗಿದರು. “ಬಿಸಿಲಲ್ಲ ಕಣೆ ಹುಚ್ಚಿ. ಮೈದುಂಬೈತೆ” ಎಂದರು. ದೇವರು ಮೈಮೇಲೆ ಬಂದಿದೆ ಎಂದು ತಿಳಿದು ಒಂದು ತೆಂಗಿನಕಾಯಿ ಒಡೆದರು. ಆ ಕಾಯಿ ನನ್ನ ತವರಿನಿಂದ ಬಂದದ್ದು. ಮೊಲ ನೀರಿಲ್ಲದೆ ಬಾಯಿಬಿಡುತ್ತಿತ್ತು, ಕಾಯಿಯ ನೀರೆಲ್ಲ ಕಲ್ಲಿನ ಮೇಲೆ ಹರಿದು ಹೋಯಿತು.

ಹೆಣ್ಣನ್ನು ಗಂಡಿನ ಗೂಡಿಗೆ ಬಿಡುವ ದಿನ ಮನೆಯವರೆಲ್ಲ ಸೇರಿದ್ದರು. ಗಂಡು ತನ್ನ ಕೆಲಸ ಮಾಡಿ ಕಂಬಳಿಯ ಮೇಲೆ ಅಡ್ಡ ಬಿತ್ತು. ಎಲ್ಲರಿಗೂ ಸಮಾಧಾನವಾಯಿತು. ಸ್ವಲ್ಪ ದಿನ ಕಳೆದ ಮೇಲೆ ಹೆಣ್ಣು ಬಾಯಲ್ಲಿ ಹುಲ್ಲು ಕಚ್ಚಿ ಓಡಾಡತೊಡಗಿತು. ತನ್ನ ಎದೆಯ ಕೂದಲನ್ನು ತಾನೇ ಕಿತ್ತು ಮೂಲೆಯಲ್ಲಿ ಒಂದು ಮೆತ್ತನೆಯ ಹಾಸಿಗೆ ಮಾಡಿತು. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಚರ್ಮ ಕೆಂಪಗೆ ಕಾಣುವಷ್ಟು ಕಿತ್ತುಕೊಂಡಿತ್ತು. ಆಮೇಲೆ ಆ ಹಾಸಿಗೆಯ ಮುಂದೆ ಕುಳಿತುಕೊಂಡಿತು. ಮರಿ ಬರಲಿಲ್ಲ. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಎರಡು ದಿನ ಹಾಗೆ ಕುಳಿತಿದ್ದು, ಆಮೇಲೆ ಎದ್ದು ಬಂದು ಗರಿಕೆ ತಿಂದಿತು. ನನಗೆ ಅದರ ಮುಖ ನೋಡಲು ಆಗಲಿಲ್ಲ.

“ಬರೀ ನಾಟಕ” ಎಂದರು ಅತ್ತೆ. “ಗೊಡ್ಡು. ಗೊಡ್ಡಿಗೆ ಆಸೆ ನೋಡು ಎಷ್ಟು.” ಮಾತು ಮೊಲಕ್ಕೆ, ಕಣ್ಣು ನನ್ನ ಕಡೆಗೆ.

ಹಿಂಡು ಕಾಯುವವರಿಗೆ ಒಂದು ಮಾತು ಗೊತ್ತಿರುತ್ತದೆ. ಒಂದು ಕುರಿ ಗಬ್ಬ ನಿಲ್ಲದಿದ್ದರೆ ಕುರಿಯನ್ನು ನೋಡು, ಹಿಂಡೇ ನಿಲ್ಲದಿದ್ದರೆ ಟಗರನ್ನು ನೋಡು. ಇದನ್ನು ನನಗೆ ಹೇಳಿದ್ದು ಮಾವನೇ, ಹಳೆಯ ಕಥೆ ಹೇಳುವಾಗ. ಆದರೆ ಇಲ್ಲಿ ಗಂಡಿಗೆ ಭಂಡಾರ ಬಿದ್ದಿತ್ತು. ಹಾಗಾಗಿ ನಮ್ಮನೆಯವರು ಮತ್ತೆ ದುರ್ಗಕ್ಕೆ ಹೋಗಿ ಇನ್ನೊಂದು ಹೆಣ್ಣು ತಂದರು. ಇದು ಇನ್ನೂ ದಷ್ಟಪುಷ್ಟವಾಗಿತ್ತು. ಅತ್ತೆ ಅದರ ಬೆನ್ನು ಸವರಿ, “ನೋಡು, ಇದು ಹೆಣ್ಣು ಅಂದ್ರೆ” ಎಂದರು. ಅದೂ ಹುಲ್ಲು ಕಚ್ಚಿತು, ಎದೆ ಕಿತ್ತುಕೊಂಡಿತು, ಖಾಲಿ ಹಾಸಿಗೆಯ ಮುಂದೆ ಕುಳಿತಿತು. ಈ ಸಲ ಅತ್ತೆ ದೇವರಿಗೆ ಮುದ್ದೆಯ ಗಾತ್ರ ಹೆಚ್ಚಿಸಿದರು. ಮಗನಿಗೂ ಹೆಚ್ಚಿಸಿದರು. ಇಬ್ಬರೂ ಊಟ ಮುಗಿಸಿ, ಗೋಡೆಯ ಆ ಕಡೆ ಒಬ್ಬರು ಈ ಕಡೆ ಒಬ್ಬರು, ಮಧ್ಯಾಹ್ನವೆಲ್ಲ ಮಲಗಿರುತ್ತಿದ್ದರು.

ಆಷಾಢ ಬಂತು. ಮದುವೆಯಾದ ಮೊದಲ ವರ್ಷ ಹೆಣ್ಣುಮಕ್ಕಳನ್ನು ಆಷಾಢಕ್ಕೆ ತವರಿಗೆ ಕಳಿಸುವುದು ಎಲ್ಲ ಕಡೆ ಉಂಟು. ನನ್ನನ್ನು ಮೂರನೆಯ ವರ್ಷ ಕಳಿಸಿದರು. “ಒಂದೆರಡು ತಿಂಗ್ಳು ಇದ್ಕಂಡು ಬಾ. ಅವಸರ ಏನಿಲ್ಲ” ಎಂದರು ಅತ್ತೆ. ಅವರ ತಮ್ಮ ಗೌರಿ ಹಬ್ಬಕ್ಕೆ ಬರುವವರಿದ್ದಾರೆ, ಆಗ ಮಾತು ಮುಗಿಸುತ್ತಾರೆ ಎಂದು ಬಾವಿಯ ಬಳಿ ಆಗಲೇ ಸುದ್ದಿಯಾಗಿತ್ತು. ನಾನು ಬಟ್ಟೆಯ ಗಂಟು ಕಟ್ಟುತ್ತಿರುವಾಗ ಅತ್ತೆ ಮೊದಲನೆಯ ಹೆಣ್ಣು ಮೊಲವನ್ನು ಬುಟ್ಟಿಯಲ್ಲಿ ಹಾಕಿ ತಂದು ಮುಂದಿಟ್ಟರು. “ಇದನ್ನೂ ತಗಂಡೋಗು. ಜೊತೆಗೊಂದು ಜೊತೆ ಇರಲಿ” ಎಂದರು. ನಮ್ಮನೆಯವರು ಅಲ್ಲೇ ನಿಂತಿದ್ದರು. ಕೇಳಿಸಿತು. ಬೇವಿನ ಮರದ ಕಡೆ ನೋಡಿದರು. ಆ ಮರದ ಮೇಲೆ ಏನೂ ಇರಲಿಲ್ಲ.

ಹಿರಿಯೂರಿಗೆ ಬಂದು ಹೊಸದುರ್ಗದ ಬಸ್ಸು ಹತ್ತಿದೆ. ತೊಡೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಗೊಡ್ಡು. ಪಕ್ಕದಲ್ಲಿ ಕುಳಿತ ಹೆಂಗಸು, “ಸಾರಿಗಾ?” ಎಂದು ಕೇಳಿದಳು. “ಅಲ್ಲ, ತವರಿಗೆ” ಎಂದೆ.

ತವರಿನಲ್ಲಿ ನಮ್ಮ ಅತ್ತಿಗೆಯೂ ಮೊಲ ಸಾಕಿದ್ದಳು. ಸಾಕಿದ್ದಳು ಎನ್ನುವುದು ದೊಡ್ಡ ಮಾತು. ಮಕ್ಕಳ ಆಟಕ್ಕೆಂದು ಅಣ್ಣ ತಂದಿದ್ದ ಜೋಡಿಯಲ್ಲಿ ಹೆಣ್ಣನ್ನು ಬೆಕ್ಕು ಹಿಡಿದಿತ್ತು. ಉಳಿದಿದ್ದು ಒಂದು ಕಂದು ಬಣ್ಣದ ಗಂಡು. ಒಂದು ಕಿವಿ ಹರಿದಿತ್ತು. ತೋಟದ ಕಾಯಿಮಟ್ಟೆಯ ರಾಶಿಯ ತಂಪಿನಲ್ಲಿ ತಾನೇ ಬಿಲ ಮಾಡಿಕೊಂಡು, ತೆಂಗಿನ ಪಾತಿಯ ಗರಿಕೆ ತಿಂದುಕೊಂಡು, ನಾಯಿ ಬಂದರೆ ಓಡಿಕೊಂಡು ಬದುಕಿತ್ತು. ಅದಕ್ಕೆ ಯಾರೂ ಅರಿಶಿನ ಹಚ್ಚಿರಲಿಲ್ಲ, ಮುದ್ದೆ ಉಣಿಸಿರಲಿಲ್ಲ. ಅತ್ತಿಗೆ ನನ್ನ ಬುಟ್ಟಿ ನೋಡಿ, “ಬಿಡೇ ಅದನ್ನ, ಹುಲ್ಲಾದ್ರೂ ತಿನ್ಲಿ. ಒಂದೈತೆ ಅಲ್ಲಿ, ಆಡ್ಕಂತಾವೆ” ಎಂದಳು. ನಾನು ಬಿಟ್ಟೆ. ಅದರ ಹಿಂದೆ ನನ್ನ ಉಪಾಯವೇನೂ ಇರಲಿಲ್ಲ. ನನಗೂ ಅದು ಗೊಡ್ಡೇ ಇರಬೇಕು ಎಂದು ಅನ್ನಿಸಿತ್ತು. ಇದನ್ನು ಬರೆಯುವಾಗ ಬೇಜಾರಾಗುತ್ತದೆ, ಆದರೆ ನಿಜ. ಮೂರು ವರ್ಷ ದಿನಕ್ಕೊಂದು ಸಲ ಒಂದೇ ಮಾತು ಕೇಳಿಸಿಕೊಂಡರೆ ಯಾರಾದರೂ ನಂಬುತ್ತಾರೆ.

ಸುಮಾರು ಒಂದು ತಿಂಗಳಿಗೆ ಅದು ಕಾಯಿಮಟ್ಟೆಯ ಸಂದಿಯಲ್ಲಿ ಹುಲ್ಲು ಕಚ್ಚಿ ಓಡಾಡಿತು. ಎದೆಯ ಕೂದಲು ಕಿತ್ತಿತು. ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ. ಮತ್ತೊಂದು ಸಲ ಆ ಖಾಲಿ ಹಾಸಿಗೆ ನೋಡುವ ಶಕ್ತಿ ನನಗಿರಲಿಲ್ಲ. ಬೆಳಿಗ್ಗೆ ಅತ್ತಿಗೆಯೇ ಕೂಗಿದಳು. ಹೋಗಿ ನೋಡಿದರೆ ಬಿಳಿ ಕೂದಲಿನ ಕೆಳಗೆ ಹೆಬ್ಬೆರಳಿನಷ್ಟು ಉದ್ದದ ಏಳು ಮರಿ ಮಿಸುಕಾಡುತ್ತಿದ್ದವು. ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿಲ್ಲ, ಆದರೂ ಜೀವ. ನಾನು ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ. ಅತ್ತಿಗೆ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡಳು. ಸಂತೋಷವಲ್ಲ, ಸಿಟ್ಟು. ಅಷ್ಟು ಸಿಟ್ಟು ನನ್ನೊಳಗೆ ಇದೆ ಎಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಮರಿಗಳಿಗೆ ಕೂದಲು ಬಂದಂತೆ ಬಣ್ಣ ಕಾಣಿಸಿತು. ಏಳೂ ಕಂದು, ಅಪ್ಪನನ್ನೇ ಎರಕ ಹೊಯ್ದ ಹಾಗೆ. ಶ್ರಾವಣ ಮುಗಿಯುತ್ತ ಬಂದರೂ ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಮರಿಗಳು ಸೊಪ್ಪು ಕಡಿಯಲು ಕಲಿತ ಮೇಲೆ ನಾನೇ ಹೊರಟೆ. ಅಣ್ಣ ಬೇಡವೆಂದ, “ಕರೆಯದ ಮನೆಗೆ ಯಾಕೆ ಹೋಗ್ತೀಯ” ಎಂದ. “ಕರೆಯದಿದ್ರೂ ಅದು ನನ್ನ ಮನೆ. ಈ ಮೊಲ ಅವರದು, ಒಪ್ಪಿಸಿ ಬಿಡ್ತೀನಿ” ಎಂದೆ. ಬುಟ್ಟಿಯ ಬದಲು ಈ ಸಲ ಒಂದು ದೊಡ್ಡ ಕುಕ್ಕೆ ಬೇಕಾಯಿತು.

ಅಂಗಳದಲ್ಲಿ ಕುಕ್ಕೆ ಇಳಿಸಿ ಮುಚ್ಚಳ ತೆಗೆದಾಗ ಅತ್ತೆ ತಕ್ಷಣ ಒಳಗೆ ಹೋಗಿ ಆರತಿ ತಟ್ಟೆ ತಂದರು. ನನಗಲ್ಲ, ತಗಡಿನ ಕೆಳಗಿನ ದೇವರಿಗೆ. “ನೋಡಿದ್ರಾ, ನಮ್ಮ ದೇವರ ಮಹಿಮೆ. ತಡ ಆದ್ರೂ ಫಲ ಕೊಡ್ತು” ಎಂದು ಮಂಗಳಾರತಿ ಎತ್ತಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಕಥೆ ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಮಾವ ಮಾತ್ರ ಕುಕ್ಕೆಯ ಬಳಿ ಬಗ್ಗಿ ಒಂದು ಮರಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ಕೆಳಗೆ ಬಿಟ್ಟು, ನೀರು ಕುಡಿಯಲು ಒಳಗೆ ಹೋದರು.

ಗೌರಿ ಹಬ್ಬಕ್ಕೆ ಅತ್ತೆಯ ತಮ್ಮ ಬಂದರು. ಅಕ್ಕನಿಗೆ ಬಾಗಿನ ಕೊಡುವುದು ನೆಪ, ಮಗಳ ಮಾತು ಮುಗಿಸುವುದು ಕೆಲಸ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಆಗಲೂ ದೊಡ್ಡ ಹಿಂಡು ಇಟ್ಟುಕೊಂಡಿದ್ದ ಮನುಷ್ಯ. ನಾನು ಸಣ್ಣಮಾವ ಎಂದು ಕರೆಯುತ್ತಿದ್ದೆ. ಅತ್ತೆ ಹೋಳಿಗೆ ಬಡಿಸಿ, ಉಪಚಾರ ಮಾಡಿ, ಅಂಗಳದ ಕಟ್ಟೆಯ ಮೇಲೆ ಕೂರಿಸಿದರು. ಎಲೆ ಅಡಿಕೆ ಬಂತು. ಮಾತು ಎಲ್ಲಿಂದ ಶುರು ಮಾಡುವುದು ಎಂದು ಎಲ್ಲರೂ ಅಡಿಕೆ ಕತ್ತರಿಸುತ್ತಿರುವಾಗ ಮೊಲದ ಮರಿಗಳು ಅವರ ಕಾಲಿನ ನಡುವೆ ಓಡಿ ಬಂದವು. ಕುರಿ ಕಾಯುವವರ ಮುಂದೆ ಮರಿ ಓಡಿದರೆ ಅವರು ಮದುವೆಯ ಮಾತನ್ನಲ್ಲ, ಸ್ವಂತ ಮದುವೆಯನ್ನೇ ಮರೆಯುತ್ತಾರೆ. ಒಂದನ್ನು ಎತ್ತಿಕೊಂಡರು.

“ಏನಕ್ಕ, ಇವು ಯಾವ ಗಂಡಿಂದು?”

“ನಮ್ಮ ದೇವರದ್ದೇ ಕಣೋ. ಅಗಾ, ತಗಡಿನ ಕೆಳಗೈತಲ್ಲ, ಅದರದ್ದು.”

ಅವರು ತಗಡಿನ ಕಡೆ ನೋಡಿದರು, ಮರಿಯನ್ನು ನೋಡಿದರು, ಹೆಣ್ಣನ್ನು ನೋಡಿದರು. “ತಾಯಿನೂ ಬಿಳೇದು, ದೇವ್ರೂ ಬಿಳೇದು. ಏಳಕ್ಕೇಳೂ ಕಂದು ಎಲ್ಲಿಂದ ಬಂತಕ್ಕ?”

ಅತ್ತೆ ಸುಣ್ಣದ ಡಬ್ಬಿ ಹುಡುಕತೊಡಗಿದರು. ಡಬ್ಬಿ ಅವರ ಕೈಯಲ್ಲೇ ಇತ್ತು. ಸಣ್ಣಮಾವ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. “ನೀನು ಹೇಳವ್ವ. ಮೇವು ಹಾಕೋಳು ನೀನಂತಲ್ಲ.”

ನಾನು ಸೆರಗು ಸರಿಪಡಿಸಿಕೊಂಡು ಹೇಳಿದೆ. ಬರೀ ಮೊಲದ ವಿಷಯ, ಬೇರೆ ಒಂದಕ್ಷರವಿಲ್ಲ. “ಇದನ್ನ ಗೊಡ್ಡು ಅಂತ ನನ್ನ ಜೊತೆ ತವರಿಗೆ ಕಳಿಸಿದ್ರು, ಸಣ್ಣಮಾವ. ಅಲ್ಲಿ ಹೋದ ತಿಂಗಳಿಗೆ ಈತು. ಅಲ್ಲಿಯ ಗಂಡು ಕಂದು.”

“ಇಲ್ಲಿ ಎಷ್ಟು ಹೆಣ್ಣು ಬಿಟ್ಟಿದ್ರಿ?”

“ಎರಡು. ಎರಡೂ ನಿಲ್ಲಲಿಲ್ಲ.”

“ಗಂಡನ್ನ ಬದ್ಲಾಯಿಸಲಿಲ್ವಾ?”

“ಅದು ದೇವರಿಗೆ ಬಿಟ್ಟಿದ್ದು. ಅದನ್ನ ಯಾರೂ ನೋಡಂಗಿಲ್ಲ. ಹೆಣ್ಣನ್ನ ಮಾತ್ರ ಬದ್ಲಾಯಿಸ್ತಾರೆ.”

ಅವರು ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರುತ್ತ ಕುಳಿತರು. ಆಮೇಲೆ ನಿಧಾನವಾಗಿ ತಲೆಯೆತ್ತಿ ನಮ್ಮನೆಯವರನ್ನು ನೋಡಿದರು. ಅವರು ಆ ಕಡೆ ಚಾಪೆಯ ಮೇಲೆ, ಎರಡನೆಯ ಸುತ್ತಿನ ಹೋಳಿಗೆಗೆ ಅವ್ವ ಹಾಕಿದ ತುಪ್ಪ ಇಂಗಲಿ ಎಂದು ಕಾಯುತ್ತಿದ್ದರು. ಸಣ್ಣಮಾವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದು ಸಂತೆಯಲ್ಲಿ ಟಗರು ನೋಡುವ ನೋಟ. ಹಲ್ಲೊಂದನ್ನು ಎಣಿಸಲಿಲ್ಲ, ಅಷ್ಟೆ. ನನಗೆ ಆ ಹೊತ್ತಿನಲ್ಲಿ ಗಂಡನನ್ನು ನೋಡಿ ಪಾಪ ಅನ್ನಿಸಿತು. ಹಾಗೆ ನೋಡಿಸಿಕೊಳ್ಳುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು.

“ಸರಿ ಅಕ್ಕ, ಬತ್ತೀನಿ” ಎಂದು ಎದ್ದರು.

“ಕುಂತ್ಕಳೋ. ಮಾತೇ ಆಡ್ಲಿಲ್ಲ ಇನ್ನೂ” ಎಂದರು ಅತ್ತೆ.

“ಹುಡುಗಿ ಇನ್ನೂ ಸಣ್ಣದು. ಮುಂದೆ ನೋಡಾಣ.” ಹಿಂದಿನ ತಿಂಗಳು ಅದೇ ಹುಡುಗಿಗೆ ವಯಸ್ಸು ಮೀರುತ್ತಿದೆ ಎಂದು ಅವರೇ ಹೇಳಿ ಕಳಿಸಿದ್ದರು. ಹೋಗುವಾಗ ನನ್ನ ಮುಂದೆ ಒಂದು ಗಳಿಗೆ ನಿಂತು, “ಮರಿ ಚೆನ್ನಾ ಅವೆ ಕಣವ್ವ. ತಾಯಿನ ಚೆನ್ನಾ ನೋಡ್ಕೋ” ಎಂದು ಹೇಳಿ ಬಸ್ಸಿನ ದಾರಿ ಹಿಡಿದರು.

ಅತ್ತೆ ಕೂಗಾಡಿದರು. ಮೊಲ ತೋರಿಸಿ ಮನೆ ಮುರಿದಳು ಎಂದರು, ತವರಿನಿಂದ ಮಾಟ ಮಾಡಿಸಿಕೊಂಡು ಬಂದಿದ್ದಾಳೆ ಎಂದರು. ಕಟ್ಟೆಯ ಮೇಲೆ ಕುಳಿತಿದ್ದ ಮಾವ ಎಷ್ಟೋ ಹೊತ್ತಿನ ಮೇಲೆ ಬಾಯಿಬಿಟ್ಟರು. “ಅವ್ನು ಕುರಿ ಕಾಯೋನು ಕಣೆ. ಅವ್ನಿಗೆ ಯಾರೂ ಮಾಟ ಮಾಡೋದು ಬೇಕಿಲ್ಲ. ಸುಮ್ಕಿರು” ಎಂದರು. ಆಮೇಲೆ, “ಬಿಸಿಲಿಗೆ ಬೆಂದ ಗಂಡಿಂದ ಎಲ್ಲಿ ಮರಿ ಆದಾತು” ಎಂದು ಗೊಣಗುತ್ತ ಕೋಲೂರಿಕೊಂಡು ಎದ್ದು ಹೋಗಿ ಗಂಡು ಮೊಲದ ಮೇಲಿನ ಕಂಬಳಿ ತೆಗೆದು, ಗೂಡನ್ನು ಎಳೆದು ಬೇವಿನ ನೆರಳಿಗೆ ತಂದರು. ಕುಡಿಯಲು ನೀರಿಟ್ಟರು, ಒಂದು ಹಿಡಿ ಗರಿಕೆ ಹಾಕಿದರು. ಅತ್ತೆ ತಡೆಯಲಿಲ್ಲ.

ಸಂಜೆ ಮರಿಗಳಿಗೆ ಸೊಪ್ಪು ಹಾಕುತ್ತಿದ್ದಾಗ ನಮ್ಮನೆಯವರು ಬಂದು ನನ್ನ ಹಿಂದೆ ನಿಂತರು.

“ಸಣ್ಣಮಾವನ ಹತ್ರ ಏನ್ ಹೇಳ್ದೆ?”

“ಮೊಲದ ವಿಷಯ ಕೇಳಿದ್ರು, ಮೊಲದ ವಿಷಯ ಹೇಳಿದೆ.”

“ತಪ್ಪು ನಂದೇ ಅಂತೀಯಾ?” ಎಂದು ಕೇಳಿದರು. ಮೂರು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ನಾನು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ತಿರುಗಿ ನಿಂತೆ.

“ನಂಗೆ ಗೊತ್ತಿಲ್ಲ” ಎಂದೆ. “ನಿಮ್ಮನ್ನ ಯಾರೂ ನೋಡೇ ಇಲ್ಲ. ನನ್ನನ್ನ ಮಾತ್ರ ಎಲ್ಲಾರೂ ನೋಡಿದಾರೆ. ಬೇರು ಕೊಡೋ ಮುದುಕಿ ನೋಡಿದ್ಲು, ಪೂಜಾರಿ ನೋಡಿದ, ಡಾಕ್ಟ್ರು ನೋಡಿದ್ರು, ಬಾವಿ ಹತ್ರ ನೀರು ಸೇದೋರೆಲ್ಲ ನೋಡಿದ್ರು. ತಪ್ಪು ಯಾರದು ಅಂತ ನಾನು ಹೇಳಲ್ಲ. ನೀವೂ ಒಂದ್ಸಲ ತೋರಿಸ್ಕಳ್ರಿ. ಅಷ್ಟೇ ನಾನು ಕೇಳೋದು.”

ಅವರು ಬೇವಿನ ಮರದ ಕಡೆ ನೋಡಿದರು. ಈ ಸಲ ಅಲ್ಲಿ ಮೊಲದ ಗೂಡು ಇತ್ತು. ಆಮೇಲೆ ಒಳಗೆ ಹೋದರು. ಅವರು ಡಾಕ್ಟರ ಬಳಿ ಹೋಗುತ್ತಾರೆ ಎಂದು ನಾನು ನಂಬಿರಲಿಲ್ಲ. ಆದರೆ ಮುಂದಿನ ವಾರ ಒಂದು ಬೆಳಿಗ್ಗೆ ತಾವೇ ಒಗೆದ ಅಂಗಿ ಹಾಕಿಕೊಂಡು, “ಹೊರಡು, ದುರ್ಗಕ್ಕೆ ಹೋಗಾಣ” ಎಂದರು. ಅವ್ವನಿಗೆ ಮೊಲಕ್ಕೆ ಔಷಧಿ ತರಬೇಕು ಎಂದು ಹೇಳಿದರು. ಅತ್ತೆ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟು, “ಆ ಗಂಡಿಗೂ ಏನಾರ ಟಾನಿಕ್ ಕೇಳ್ಕಂಡು ಬರ್ರಿ” ಎಂದರು. ಬಸ್ಸಿನಲ್ಲಿ ಅವರ ಕೈ ಮುಂದಿನ ಸೀಟಿನ ಕಂಬಿ ಹಿಡಿದಿದ್ದು ದುರ್ಗ ಬರುವವರೆಗೆ ಸಡಿಲವಾಗಲಿಲ್ಲ.

ದೊಡ್ಡಾಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕಾದೆವು. ಎದುರಿಗೆ ಕುಳಿತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಒಬ್ಬೊಬ್ಬರ ಜೊತೆಯೂ ಕೈಚೀಲ ಹಿಡಿದ ಗಂಡಸರು, ಜೊತೆಗೆ ಬಂದವರ ಮುಖ ಮಾಡಿಕೊಂಡು. ಕೊನೆಗೆ ಜವಾನ ಬಾಗಿಲು ಅರ್ಧ ತೆರೆದು ನಮ್ಮ ಚೀಟಿಯ ನಂಬರು ಕೂಗಿದ. “ಪೇಷಂಟ್ ಯಾರು, ಒಳಗೆ ಬರ್ರಿ” ಎಂದ. ನಮ್ಮನೆಯವರು ಅಭ್ಯಾಸದಂತೆ ನನ್ನ ಕಡೆ ತಿರುಗಿ, “ಏಳು, ಕರೀತಾವ್ರೆ” ಎಂದರು. ನಾನು ಏಳಲಿಲ್ಲ. ಅವರ ಕೈಚೀಲವನ್ನು ತೆಗೆದು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಜವಾನ ಇನ್ನೊಂದು ಸಲ ಕೇಳಿದ. ಆಗ ಅವರು ಎದ್ದರು.